ನಿದ್ದೆಗೆಟ್ಟ ರಾತ್ರಿಯ ಲೆಕ್ಕ ಬರೆಯುವವರು ಯಾರು?

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬೆಲೆಯ ಮಾತಾಯಿತು, ಸಾಲದ ಮಾತಾಯಿತು. ನಾನು ಆಡಬೇಕೆಂದಿರುವುದು ನಿದ್ದೆಯ ಮಾತು. ಕೆಲವರು ನಗುತ್ತಿದ್ದೀರಿ, ನಗಿ. ಆದರೆ ನಿನ್ನೆ ರಾತ್ರಿ ಕರೆಂಟು ಕಾಯುತ್ತ ಕೂತವರು ಎಷ್ಟು ಜನ ಇದ್ದೀರಿ? ಸ್ವಲ್ಪ ಕೈ ಎತ್ತಿ ನೋಡೋಣ. ನೋಡಿದಿರಾ, ಈಗ ಯಾರೂ ನಗುತ್ತಿಲ್ಲ.

ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಅಂತ ಸರ್ಕಾರ ಹೇಳುತ್ತದೆ. ಎಷ್ಟೋ ಊರುಗಳಲ್ಲಿ ಅದರ ಒಂದು ಪಾಲು ಹಗಲು, ಇನ್ನೊಂದು ಪಾಲು ರಾತ್ರಿ. ಈ ವಾರ ಹತ್ತು ಗಂಟೆಗೆ ಬಂದರೆ ಮುಂದಿನ ವಾರ ಎರಡು ಗಂಟೆಗೆ. ಹಾವು, ಚೇಳು, ಕರೆಂಟಿನ ಹೊಡೆತ ಇವುಗಳ ಭಯ ನಮಗೆ ಗೊತ್ತಿದೆ. ಕಣ್ಣಿಗೆ ಕಾಣದ ಇನ್ನೊಂದು ಹೊಡೆತ ಇದೆ. ಅದು ಎದೆಗೆ ಬೀಳುತ್ತದೆ.

ನನ್ನದೇ ಹೇಳುತ್ತೇನೆ. ಒಂದು ಸಲ ಬಿ.ಪಿ. ನೋಡಿದ ಡಾಕ್ಟರು, "ದಿನಾ ಎಷ್ಟು ಹೊತ್ತಿಗೆ ಮಲಗ್ತೀರಿ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. "ಕರೆಂಟು ಹೋದ ಮೇಲೆ ಸ್ವಾಮಿ" ಅಂದೆ. ಅವರು ನಗಲಿಲ್ಲ.

ಯಾಕೆ ನಗಲಿಲ್ಲ ಎಂಬುದು ಆಮೇಲೆ ತಿಳಿಯಿತು. ಬೇಲಿ ಬದಿಯ ಮುಟ್ಟಿದರೆ ಮುನಿ ಗಿಡ ನೀವೆಲ್ಲ ಕಂಡಿದ್ದೀರಿ. ಹಗಲು ಎಲೆ ಬಿಚ್ಚುತ್ತದೆ, ರಾತ್ರಿ ಮಡಿಸುತ್ತದೆ. 1729ರಲ್ಲಿ ಫ್ರಾನ್ಸಿನ ಡಿ ಮೆರಾನ್ ಎಂಬ ವಿಜ್ಞಾನಿ ಅಂಥದೊಂದು ಗಿಡವನ್ನು ಕತ್ತಲಲ್ಲಿಟ್ಟ. ಬಿಸಿಲು ಕಾಣದಿದ್ದರೂ ಅದು ಹೊತ್ತಿಗೆ ಸರಿಯಾಗಿ ಬಿಚ್ಚಿತು, ಮಡಿಸಿತು. ಅಂದರೆ ಗಿಡದೊಳಗೇ ಒಂದು ಗಡಿಯಾರ. ನಮ್ಮೊಳಗೂ ಇದೆ. ಮಿದುಳಿನಲ್ಲಿ ಒಂದು ದೊಡ್ಡದು. ಹೃದಯದಲ್ಲಿ, ಪಿತ್ತಜನಕಾಂಗದಲ್ಲಿ ಅದರ ಮರಿಗಳು. ಇದರ ಒಳಗುಟ್ಟು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ರಾತ್ರಿ ಮಲಗಿದಾಗ ರಕ್ತದೊತ್ತಡ ಶೇಕಡಾ 10ರಿಂದ 20ರಷ್ಟು ಇಳಿಯಬೇಕು. ಹಗಲೆಲ್ಲ ಗೇದ ಎತ್ತಿಗೆ ನೊಗ ಇಳಿಸಿದ ಹಾಗೆ, ಹೃದಯಕ್ಕೆ ಅದೊಂದೇ ವಿಶ್ರಾಂತಿ. ನಡುರಾತ್ರಿ ಎದ್ದು ಗದ್ದೆಗೆ ಓಡಿದರೆ ನೊಗ ಇಳಿಯುವುದೇ ಇಲ್ಲ. ರಾತ್ರಿ ಇನ್ಸುಲಿನ್ ಕೆಲಸವೂ ಮಂದ. ಹಗಲು ಉಂಡ ಮುದ್ದೆಯನ್ನೇ ನಡುರಾತ್ರಿ ಉಂಡರೆ ರಕ್ತದಲ್ಲಿ ಸಕ್ಕರೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಷಿಕಾಗೋ ವಿಶ್ವವಿದ್ಯಾಲಯದವರು 11 ಜನ ಆರೋಗ್ಯವಂತ ಹುಡುಗರಿಗೆ 6 ರಾತ್ರಿ, ದಿನಕ್ಕೆ 4 ಗಂಟೆ ಮಾತ್ರ ಮಲಗಲು ಬಿಟ್ಟರು. ಅಷ್ಟಕ್ಕೇ ಅವರ ದೇಹ ಸಕ್ಕರೆ ಅರಗಿಸುವುದು ನಿಧಾನವಾಯಿತು. ಇದು 1999ರ ವರದಿ. ಅಮೆರಿಕದಲ್ಲೇ 45 ವರ್ಷ ದಾಟಿದ ಸುಮಾರು 2,000 ಜನರ ನಿದ್ದೆಯನ್ನು ಒಂದು ವಾರ ಅಳೆದು, ಸುಮಾರು 5 ವರ್ಷ ಅವರ ಮೇಲೆ ಕಣ್ಣಿಟ್ಟರು. ದಿನದಿಂದ ದಿನಕ್ಕೆ ನಿದ್ದೆಯ ಅವಧಿ ಎರಡು ಗಂಟೆಗಿಂತ ಹೆಚ್ಚು ಏರುಪೇರಾಗುತ್ತಿದ್ದವರಿಗೆ, ಒಂದು ಗಂಟೆಯೊಳಗೆ ಇದ್ದವರಿಗಿಂತ ಹೃದಯದ ಕಾಯಿಲೆಯ ಅಪಾಯ ಎರಡು ಪಟ್ಟಿಗೂ ಮೇಲೆ. 2020ರಲ್ಲಿ ಇದು ಪ್ರಕಟವಾಯಿತು. ನಿದ್ದೆಯೊಂದೇ ಕಾರಣ ಅಂತ ಇದರಿಂದ ಹೇಳಲಾಗದು. ಆದರೆ ಎಷ್ಟು ಗಂಟೆ ಮಲಗಿದೆವು ಅನ್ನುವುದರ ಜತೆಗೆ ಹೊತ್ತು ತಪ್ಪದೆ ಮಲಗಿದೆವೇ ಅನ್ನುವುದೂ ಮುಖ್ಯ ಎಂಬ ಎಚ್ಚರಿಕೆ ಇದರಲ್ಲಿದೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಸಾಲಗಾರನಿಗೆ ಕರೆಂಟಿಲ್ಲದ ರಾತ್ರಿಯೂ ನಿದ್ದೆ ಇಲ್ಲ. ಎರಡೂ ಕೂಡಿದರೆ ದೇಹ ಎಷ್ಟು ದಿನ ತಡೆದೀತು?

ಹಾಗಾದರೆ ಏನು ಮಾಡೋಣ? ಒಬ್ಬನೇ ದಿನಾ ಹೋಗಬೇಡಿ. ಅಣ್ಣತಮ್ಮಂದಿರು, ಅಕ್ಕಪಕ್ಕದ ಹೊಲದವರು ಸರದಿ ಹಾಕಿಕೊಳ್ಳಿ. ಸರದಿ ಇಲ್ಲದ ದಿನ ಹೊತ್ತಿಗೆ ಸರಿಯಾಗಿ ಮಲಗಿ, ಟಿ.ವಿ., ಮೊಬೈಲು ಅಂತ ಕೂರಬೇಡಿ. ರಾತ್ರಿ ಎದ್ದಾಗ ಹೊಟ್ಟೆ ತುಂಬ ಉಣ್ಣಬೇಡಿ. ಸಕ್ಕರೆ ಸುರಿದ ಟೀ, ಬೀಡಿ ಬಿಡಿ. ಮೂವತ್ತು ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿ. ಮಾತ್ರೆ ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ. ಬದುವಿನ ಮೇಲೆ ಎದೆ ಹಿಂಡಿ ಬೆವರು ಬಿಟ್ಟರೆ "ಗ್ಯಾಸ್ಟ್ರಿಕ್" ಅಂತ ಸೋಡ ಕುಡಿದು ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.

ಇಷ್ಟು ನಮ್ಮ ಕೈಲಿದೆ. ಉಳಿದದ್ದು ಸರ್ಕಾರದ ಕೈಲಿದೆ. ಬೆಂಬಲ ಬೆಲೆಯ ಲೆಕ್ಕದಲ್ಲಿ ಬೀಜ, ಗೊಬ್ಬರ, ಕೂಲಿ ಸೇರಿಸುತ್ತಾರೆ. ಮನೆಯವರ ದುಡಿಮೆಗೂ ಕೂಲಿ ಕಟ್ಟುತ್ತಾರೆ. ನಿದ್ದೆಗೆಟ್ಟ ರಾತ್ರಿಗೆ ಅಲ್ಲಿ ಜಾಗವಿಲ್ಲ. ಅದರ ಬಾಕಿಯನ್ನು ನಮ್ಮ ಎದೆಯೇ ಬಡ್ಡಿ ಸಮೇತ ತೀರಿಸುತ್ತಿದೆ. ಫೀಡರುಗಳಿಗೆ ಸೌರ ವಿದ್ಯುತ್ ಕೊಟ್ಟು ಹಗಲೇ ನೀರು ಹಾಯಿಸುವ ಕುಸುಮ್ ಯೋಜನೆಯನ್ನು ಸರ್ಕಾರವೇ ತಂದಿದೆ. ಸೂರ್ಯ ಹುಟ್ಟುವುದು ಹಗಲು. ಕರೆಂಟೂ ಹಗಲೇ ಬರಲಿ, ಹೇಳಿದ ಹೊತ್ತಿಗೆ ಬರಲಿ. ನಾವು ಕೇಳುವುದು ಭಿಕ್ಷೆಯಲ್ಲ, ರಾತ್ರಿ ಮನುಷ್ಯರ ಹಾಗೆ ಮಲಗುವ ಹಕ್ಕು.