ಪದಕದ ಅಂಚಿನ ಮೇಲಿನ ಹೆಸರು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಆಡಿದ ಹಾಗೆಯೇ ಬರೆದುಕೊಟ್ಟಿದ್ದೇವೆ.)



ಆಗಸ್ಟ್ 15ಕ್ಕೆ ಹಾಸ್ಟೆಲಿನ ಅಂಗಳದಲ್ಲಿ ಬಾವುಟ ಏರಿಸುತ್ತಾರೆ. ದೇಶಕ್ಕಾಗಿ ಪ್ರಾಣ ಕೊಟ್ಟವರನ್ನು ನೆನೆಯೋಣ ಅಂತ ಭಾಷಣ ಆಗುತ್ತದೆ. ಬೂಂದಿ ಕೈಗೆ ಬಂದ ಮೇಲೆ ಮರೆತುಬಿಡುತ್ತೇವೆ. ಆ ಸತ್ತವರು ಯಾರೋ ಬೇರೆಯವರು, ಕುದುರೆ ಮೇಲೆ ಕೂತವರು, ಪಟದಲ್ಲಿ ಮೀಸೆ ತಿರುವಿದವರು ಎಂದೇ ನಮ್ಮ ತಲೆಯಲ್ಲಿ ಕೂತಿದೆ. ನಿಮ್ಮ ಕೇರಿಯಿಂದ ಯುದ್ಧಕ್ಕೆ ಹೋಗಿ ತಿರುಗಿ ಬಾರದವರು ಯಾರಾದರೂ ಇದ್ದಾರೆಯೇ? ಈಗಲೇ ಕೈ ಎತ್ತಿರಿ ಅನ್ನುತ್ತಿಲ್ಲ. ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿರಿ. "ಹೌದಪಾ, ಒಬ್ಬಾಂವ ದಂಡಿಗೆ ಹೋಗಿದ್ದನಂತ" ಎಂಬ ಮಾತು ಎಲ್ಲೋ ಒಂದು ಮನೆಯಲ್ಲಿ ಹೊರಟೇ ಹೊರಡುತ್ತದೆ.

ನಮ್ಮ ಮನೆಯಲ್ಲಿ ಹೊರಟದ್ದು ಹೀಗೆ. ನಮ್ಮದು ಇಂಡಿ ತಾಲೂಕು, ಭೀಮಾ ಹೊಳೆಯ ದಂಡೆ. ಮುತ್ಯಾನ ತಮ್ಮ, ನಮಗೆ ಸಣ್ಣ ಮುತ್ಯಾ. ಅವನನ್ನು ನಾವು ಯಾರೂ ಕಂಡವರಲ್ಲ. 1942-43ರಲ್ಲಿ ವಿಜಾಪುರ ಸೀಮೆಗೆ ಬರ ಬಿತ್ತು. ಜೋಳ ಇಲ್ಲ, ಕೂಲಿ ಇಲ್ಲ, ದನಕ್ಕೆ ಮೇವಿಲ್ಲ. ದಂಡಿಗೆ ಸೇರಿದರೆ ಎರಡು ಹೊತ್ತು ರೊಟ್ಟಿ. ಅವನು ಇಂಗ್ಲಂಡಿನ ರಾಜನ ಮೇಲಿನ ಪ್ರೀತಿಗೆ ಹೋಗಲಿಲ್ಲ, ಹಿಟ್ಲರನ ಹೆಸರು ಕೇಳಿರಲಿಲ್ಲ. ಹೊಟ್ಟೆಗಾಗಿ ಹೋದ. ಇದನ್ನು ಹೇಳಲಿಕ್ಕೆ ನಮಗೆ ನಾಚಿಕೆ ಇಲ್ಲ. ನಾಚಬೇಕಾದವರು ಆ ವರ್ಷ ಹಗೇವಿನಲ್ಲಿ ಜೋಳ ತುಂಬಿಟ್ಟುಕೊಂಡಿದ್ದವರು.

ಅವನ ಹೆಂಡತಿ, ನಮ್ಮ ಸಣ್ಣಾಯಿ, ಹೇಳುತ್ತಿದ್ದಳು: "ಹೊಳೀತನಾ ಹೋಗಿದ್ದೆ. ತಿರುಗಿ ನೋಡಬ್ಯಾಡ ಅಂದಿದ್ದರು, ಅಂವ ನೋಡಲಿಲ್ಲ."

ಬರ್ಮಾದಿಂದ ಕಾಗದ ಬಂತು. ಕೇರಿಯಲ್ಲಿ ಓದುವವರಿಲ್ಲ. ಊರೊಳಗಿನ ಒಂದು ದೊಡ್ಡ ಮನೆಗೆ ಓದಿಸಲಿಕ್ಕೆ ಹೋದರು. ಓದುವವರು ಕಟ್ಟೆಯ ಮೇಲೆ, ಕೇಳುವವಳು ಕೆಳಗೆ ಧೂಳಿನಲ್ಲಿ. ಓದಿ ಮುಗಿಸಿದವರು ಕಾಗದ ಕೈಗೆ ಕೊಡಲಿಲ್ಲ, ಒಗೆದರು. ಗಂಡ ಸತ್ತ ಸುದ್ದಿಯನ್ನು ಸಣ್ಣಾಯಿ ನೆಲದಿಂದ ಆಯ್ದುಕೊಂಡು ಬಂದಳು.

ಮುಂದೆ ಪಿಂಚಣಿಗೆ ಅಲೆದಾಟ. ಒಂದು ಕಚೇರಿಯಲ್ಲಿ ಹೇಳಿದರು: ಹೆಸರು ತಾಳೆ ಇಲ್ಲ. ಗೆಳೆಯರೇ, ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಊರಿನ ದಫ್ತರದಲ್ಲಿ ನಮ್ಮವರ ಹೆಸರನ್ನು ಪೂರಾ ಬರೆಯುತ್ತಿರಲಿಲ್ಲ. ತಾಯಿ ದುರ್ಗಪ್ಪ ಎಂದು ಹೆಸರಿಟ್ಟರೆ ಅಲ್ಲಿ ದುರ್ಗ್ಯಾ. ಕರಿಯಪ್ಪನಾದರೆ ಕರ್ಯಾ. 'ಅಪ್ಪ' ಎಂದು ಬರೆದರೆ ಬರೆದವರ ಕೈಗೆ ಮೈಲಿಗೆ! ದಂಡಿನ ಗುಮಾಸ್ತ ಬಾಯಿ ಮಾತು ಕೇಳಿ, ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ. ಮನೆಯಲ್ಲಿ ಒಂದು, ಊರಲ್ಲಿ ಒಂದು, ದಂಡಿನಲ್ಲಿ ಒಂದು. ಒಬ್ಬ ಮನುಷ್ಯ, ಮೂರು ಹೆಸರು. ಸತ್ತವನು ನಿನ್ನ ಗಂಡನೇ ಎಂಬುದಕ್ಕೆ ಪುರಾವೆ ಏನು ಅಂತ ಕೇಳಿದರೆ ಸಣ್ಣಾಯಿ ಏನು ತೋರಿಸಬೇಕು? ವರ್ಷಗಟ್ಟಲೆ ನಡೆದಳು. ಆಮೇಲೆ ಬಿಟ್ಟಳು.

ಹೆಸರಿನ ಮಾತಿಗೇ ಬರೋಣ. ನಮ್ಮೂರ ಬದಿಗೆ ಹರಿಯುವ ಈ ಭೀಮಾ ಹೊಳೆಯ ಮೇಲ್ದಂಡೆಯಲ್ಲಿ, ಪುಣೆಯ ಹತ್ತಿರ, ಕೋರೆಗಾಂವದ ಕಂಬ ನಿಂತಿದೆ. 1818ರ ಜನವರಿ 1ರ ಕಾಳಗದಲ್ಲಿ ಕಂಪನಿಯ ಪರವಾಗಿ ಪೇಶ್ವೆಯ ದಂಡಿನ ಎದುರು ಬಿದ್ದು ಸತ್ತ 49 ಮಂದಿಯ ಹೆಸರು ಅದರಲ್ಲಿವೆ. ಅವರ ಜಾತಿಯನ್ನು ಯಾರೂ ಕೊರೆದಿಲ್ಲ. ಆದರೆ 22 ಹೆಸರುಗಳ ಕೊನೆಗೆ 'ನಾಕ' ಎಂದಿದೆ. 'ನಾಕ' ಎಂಬುದು ಮಹಾರರ ಹೆಸರಿನ ಬಾಲ. ಆ ಒಂದು ಅಕ್ಷರದ ಗುರುತಿನಿಂದಲೇ ಇವರು ನಮ್ಮವರು ಎಂದು ಗೊತ್ತಾದದ್ದು. ಬಾಬಾಸಾಹೇಬರು 1927ರ ಜನವರಿ 1ರಂದು ಆ ಕಂಬದ ಹತ್ತಿರ ಹೋದರು. ಅವರು ಸುಬೇದಾರನ ಮಗ, ಕಂಟೋನ್ಮೆಂಟಿನಲ್ಲಿ ಹುಟ್ಟಿದವರು. ಈಗ ಪ್ರತಿ ವರ್ಷ ಆ ದಿನ ಲಕ್ಷಗಟ್ಟಲೆ ಜನ ಸೇರುತ್ತಾರೆ. 2018ರಲ್ಲಿ ಹಾಗೆ ಸೇರಿದವರ ಮೇಲೆ ಕಲ್ಲು ಬಿತ್ತು. ಇನ್ನೂರು ವರ್ಷದ ಹಿಂದೆ ಸತ್ತವರ ಹೆಸರು ಓದಲಿಕ್ಕೆ ಹೋದರೂ ಸಿಟ್ಟು ಬರುವ ಜನ ಇದ್ದಾರೆ ಅಂತಾಯಿತು.

ಆ ಕಂಬ ಕಟ್ಟಿದ ಬ್ರಿಟಿಷರೇ 1890ರ ದಶಕದಲ್ಲಿ ಮಹಾರರನ್ನು ಸೈನ್ಯಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ನೀವು ವೀರ ಜಾತಿಯವರಲ್ಲ ಅಂದರು. ಯುದ್ಧ ಬಂತು, ಜನ ಸಾಲದಾದರು, 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಮುರಿದರು. ಮತ್ತೆ ಯುದ್ಧ. ಬಾಬಾಸಾಹೇಬರ ಒತ್ತಾಯದ ಮೇಲೆ 1941ರ ಅಕ್ಟೋಬರಿನಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಪಲ್ಟನ್ ಎದ್ದಿತು. ಇದು ಉಳಿದುಕೊಂಡಿತು. 1943ರಲ್ಲಿ ಎದ್ದ ಚಮಾರ್ ರೆಜಿಮೆಂಟ್ ಕೊಹಿಮಾದಲ್ಲಿ ಕಾದಾಡಿತು, 1946ರಲ್ಲಿ ಅದನ್ನೂ ಮುರಿದರು. ಸಾಯುವ ಕೆಲಸ ಇದ್ದಾಗ ಮಾತ್ರ ನಮ್ಮ ತೋಳಿನಲ್ಲಿ ಬಲ ಕಾಣುತ್ತದೆ, ಏನು ಚಮತ್ಕಾರವೋ.

ಸತ್ತ ಮೇಲಾದರೂ ಸಮ ಆದೆವೆ? ಯುದ್ಧದಲ್ಲಿ ಸತ್ತವರ ಸಮಾಧಿ ನೋಡಿಕೊಳ್ಳಲು ಬ್ರಿಟಿಷರು 1917ರಲ್ಲಿ ಒಂದು ಆಯೋಗ ಮಾಡಿದರು. ಸಾವಿನಲ್ಲಿ ದೊಡ್ಡವ ಸಣ್ಣವ ಇಲ್ಲ, ಬಣ್ಣ ಇಲ್ಲ, ಧರ್ಮ ಇಲ್ಲ ಎಂಬುದು ಅದರ ಮಾತು. ಫ್ರಾನ್ಸಿನ ನವ್ ಶಪೆಲ್ ಎಂಬಲ್ಲಿ ಆ ಮಾತು ಉಳಿಸಿಕೊಂಡು ಭಾರತದ ಸಿಪಾಯಿಗಳ ಹೆಸರನ್ನೂ ಕಲ್ಲಿನಲ್ಲಿ ಕೊರೆದರು. ಇರಾಕಿನ ಬಸ್ರಾದಲ್ಲಿ ನೋಡಿರಿ: ಗುಂಡಿ ಸಿಗದೆ ಹೋದ 40 ಸಾವಿರಕ್ಕೂ ಮಿಕ್ಕಿದ ಸತ್ತವರ ಸ್ಮಾರಕ ಅದು. ಬ್ರಿಟಿಷರಿಗೆಲ್ಲ ಹೆಸರು. ಭಾರತದ ಅಧಿಕಾರಿಗಳಿಗೂ ಹೆಸರು. ಸಾದಾ ಸಿಪಾಯಿಗಳಿಗೆ? 'ಮತ್ತು ಇತರ ಇಷ್ಟು ಮಂದಿ'. ಸಂತೆಯಲ್ಲಿ ಕುರಿ ಎಣಿಸಿದ ಹಾಗೆ. 'ಇತರ' ಎಂಬ ಈ ಮಾತು ನಮಗೆ ಹೊಸದಲ್ಲ. 2021ರಲ್ಲಿ ಅದೇ ಆಯೋಗ ತನಿಖೆ ಮಾಡಿಸಿ ಒಪ್ಪಿಕೊಂಡಿತು: ಮೊದಲನೆಯ ಮಹಾಯುದ್ಧದಲ್ಲಿ ಸತ್ತ ಭಾರತ, ಈಜಿಪ್ಟ್, ಆಫ್ರಿಕಗಳ 45 ಸಾವಿರದಿಂದ 54 ಸಾವಿರ ಮಂದಿಯನ್ನು ಸಮಾನವಾಗಿ ನೆನೆಯಲಿಲ್ಲ. ಇದಲ್ಲದೆ ಕಡಿಮೆ ಎಂದರೂ 1 ಲಕ್ಷ 16 ಸಾವಿರ ಮಂದಿಯ ಹೆಸರೇ ಇಲ್ಲ, ಬಹುಪಾಲು ಪೂರ್ವ ಆಫ್ರಿಕ ಮತ್ತು ಈಜಿಪ್ಟಿನವರು. ಕ್ಷಮೆಯನ್ನೂ ಕೇಳಿತು. ನೂರು ವರ್ಷ ಹಿಡಿಯಿತು. ನಮ್ಮ ಊರಿನ ಯಾವ ದಫ್ತರವೂ ಇನ್ನೂ ಅಷ್ಟೂ ಮಾಡಿಲ್ಲ.

ಆ ಯುದ್ಧದ ಪದಕದಲ್ಲೂ ಭೇದ. ಬಂದೂಕು ಹಿಡಿದವನಿಗೆ ಬೆಳ್ಳಿಯದು. ಅದೇ ಅಚ್ಚು, ಅದೇ ರಾಜನ ತಲೆ, ಮೂಟೆ ಹೊತ್ತ ಲೇಬರ್ ಕೋರಿನವನಿಗೆ ಮಾತ್ರ ಕಂಚಿನದು.

ಒಬ್ಬನ ಹೆಸರನ್ನು ನೀವು ತಿಳಿದಿರಬೇಕು: ಸುಖಾ. ಬರೇಲಿಯವನು. ಇಂಗ್ಲಂಡಿನ ಬ್ರಾಕೆನ್‌ಹರ್ಸ್ಟ್ ಎಂಬ ಊರಿನಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಲೇಡಿ ಹಾರ್ಡಿಂಜ್ ಆಸ್ಪತ್ರೆ ಅಂತ ಇತ್ತು. ಅಲ್ಲಿ ಅವನು ಕಸ ಹೊಡೆಯುವವನು, ನಮ್ಮ ಕಡೆ ಝಾಡಮಾಲಿ ಅನ್ನುತ್ತೇವಲ್ಲ, ಅದು. 1915ರ ಜನವರಿ 12ರಂದು ತೀರಿಕೊಂಡ. ಅಸ್ಪೃಶ್ಯ ಅಂತ ಹಿಂದೂಗಳು ತಮ್ಮ ಸುಡುಗಾಡಿಗೆ ಸೇರಿಸಲಿಲ್ಲ, ಮುಸಲ್ಮಾನನಲ್ಲ ಅಂತ ಅವರೂ ಮಣ್ಣು ಕೊಡಲಿಲ್ಲ, ಕೊನೆಗೆ ಊರಿನ ಪಾದ್ರಿ ತಮ್ಮ ಇಗರ್ಜಿಯ ಅಂಗಳದಲ್ಲಿ ಜಾಗ ಕೊಟ್ಟರು ಎಂದು ಹೇಳುತ್ತಾರೆ. ಆ ಊರಿನ ಜನ ವಂತಿಗೆ ಹಾಕಿ ನಿಲ್ಲಿಸಿದ ಕಲ್ಲು ಇಂದಿಗೂ ಅಲ್ಲಿದೆ. ಅವನ ಓಣಿಯ ಹೆಸರು ಕೂಡ ಅದರಲ್ಲಿದೆ. ಕಡಲು ದಾಟಿದರೂ ಹೊಲಗೇರಿ ಬೆನ್ನು ಬಿಡಲಿಲ್ಲ ನೋಡಿರಿ. ಬರೇಲಿಯಲ್ಲಿ ಅವನ ದಾರಿ ಕಾಯುತ್ತಿದ್ದವರಿಗೆ ಆ ಕಲ್ಲಿನ ಸುದ್ದಿ ಮುಟ್ಟಿತೋ ಇಲ್ಲವೋ ಎಂದು ನಾವು ಆಗಾಗ ಯೋಚಿಸುತ್ತೇವೆ.

ಈಗ ನಮ್ಮ ಹುಡುಕಾಟ. ಸಣ್ಣಾಯಿಯ ಟ್ರಂಕಿನಲ್ಲಿ ಒಂದು ಬಿಲ್ಲೆ ಇತ್ತು. ಒಂದು ಬದಿಗೆ ರಾಜನ ತಲೆ, ಇನ್ನೊಂದು ಬದಿಗೆ ಎರಡು ತಲೆಯ ಪ್ರಾಣಿಯನ್ನು ತುಳಿದು ನಿಂತ ಸಿಂಹ. ಚಿಕ್ಕಂದಿನಲ್ಲಿ ಅದರಿಂದ ಕುಂಟೆಬಿಲ್ಲೆ ಆಡಿದ್ದೇವೆ. ಸಣ್ಣಾಯಿ ಬೈದು ಕಿತ್ತುಕೊಂಡು ಸೆರಗಿನಲ್ಲಿ ಒರೆಸಿ ಇಡುತ್ತಿದ್ದಳು. ಅವಳು ತೀರಿಕೊಂಡು ಬಹಳ ವರ್ಷವಾದ ಮೇಲೆ ಒಬ್ಬ ನಿವೃತ್ತ ಸೈನಿಕರು ಹೇಳಿದರು: ಅಂಚು ನೋಡಿರಿ. ಭೂತಗನ್ನಡಿ ಹಿಡಿದೆವು. ಬಿಲ್ಲೆಯ ದಪ್ಪದ ಮೇಲೆ ಸುತ್ತಲೂ ಸಣ್ಣ ಇಂಗ್ಲಿಷ್ ಅಕ್ಷರ. ನಂಬರು, ಹೆಸರು, ಪಾಯನಿಯರ್ ದಳ. ಎರಡು ಅಕ್ಷರ ನಮ್ಮ ಕುಂಟೆಬಿಲ್ಲೆಯಲ್ಲೇ ಸವೆದುಹೋಗಿದ್ದವು.

ಆಯೋಗದ ಪಟ್ಟಿಯನ್ನು ಈಗ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದು, ಕಾಸು ಕೊಡಬೇಕಿಲ್ಲ. ಹೆಸರು ಹಾಕಿ ಹುಡುಕಿದೆವು, ಸಿಗಲಿಲ್ಲ. ನಂಬರು ಹಾಕಿದೆವು, ಸಿಕ್ಕ. ರಂಗೂನಿನ ಹತ್ತಿರ ಟೌಕ್ಯಾನ್ ಎಂಬಲ್ಲಿ, ಸಮಾಧಿ ಇಲ್ಲದ ಸುಮಾರು 27 ಸಾವಿರ ಮಂದಿಯ ಹೆಸರು ಕೊರೆದ ಸ್ಮಾರಕವಿದೆ, ಅದರಲ್ಲಿ. ಅವನ ಹೆಸರು ತಪ್ಪು. ಊರಿನ ಹೆಸರು ಇನ್ನೂ ತಪ್ಪು. ಆದರೆ ಪಟ್ಟಿಯಲ್ಲಿ 'ಇಂಥವಳ ಗಂಡ' ಎಂಬ ಕಡೆ ಸಣ್ಣಾಯಿಯ ಹೆಸರಿದೆ, ಪೂರಾ ಹೆಸರು, ಕೊನೆಯ 'ಅವ್ವ' ಸಮೇತ. ಪುರಾವೆ ಏನು ಅಂತ ಕೇಳಿದರಲ್ಲ, ಅದು ಅಷ್ಟು ವರ್ಷ ಅಲ್ಲಿ ಅಚ್ಚಾಗಿ ಕೂತಿತ್ತು.

ದೆಹಲಿಯಲ್ಲಿ ಅವನ ಹೆಸರಿಲ್ಲ. ಇಂಡಿಯಾ ಗೇಟಿನ ಮೇಲಿರುವ 13 ಸಾವಿರ ಚಿಲ್ಲರೆ ಹೆಸರು ಅದಕ್ಕೂ ಹಿಂದಿನ ಕಾಳಗಗಳವು. 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ 25 ಸಾವಿರಕ್ಕೂ ಹೆಚ್ಚು ಹೆಸರು ಸ್ವಾತಂತ್ರ್ಯದ ಈಚೆಗೆ ಸತ್ತವರವು. ನಮ್ಮವನು ನಡುವೆ ಬಿದ್ದುಹೋದ. ಸಾಯಿಸಿದ ಸಾಮ್ರಾಜ್ಯ ಮುಳುಗಿತು, ಆಮೇಲೆ ಬಂದ ದೇಶಕ್ಕೆ ಅವನು ಲೆಕ್ಕವಿಲ್ಲ. ನಿಮ್ಮಲ್ಲಿ 1962, 65, 71ರಲ್ಲಿ ಹೋದವರ ಮೊಮ್ಮಕ್ಕಳಿದ್ದರೆ ದೆಹಲಿಯ ಗೋಡೆಯಲ್ಲಿ ಹುಡುಕಿರಿ, ಸಿಗುತ್ತದೆ.

ಯುದ್ಧವನ್ನು ಹೊಗಳುತ್ತಿದ್ದಾರೆ ಅಂತ ಯಾರೂ ತಿಳಿಯಬೇಡಿರಿ. ಪದಕ ತಂದು ಗೋಡೆಗೆ ನೇತುಹಾಕಿ ಪೂಜೆ ಮಾಡಿರಿ ಅಂತಲೂ ಅನ್ನುತ್ತಿಲ್ಲ. ಅಂಚು ಓದಿರಿ. ಪದಕ ಮಾರಿಹೋಗಿದ್ದರೆ ಹಳೆಯ ಕಾಗದ, ಮನಿಯಾರ್ಡರ್ ಚೀಟಿ, ಏನೇ ಇರಲಿ, ನಂಬರು ಬರೆದುಕೊಳ್ಳಿರಿ. ಅಜ್ಜಿಯಂದಿರು ಇಸವಿ ಹೇಳುವುದಿಲ್ಲ. ಬರ ಬಿದ್ದ ವರ್ಷ, ಪ್ಲೇಗ್ ಬಂದ ವರ್ಷ ಅನ್ನುತ್ತಾರೆ. ಹಾಗೆಯೇ ಬರೆಯಿರಿ, ಆಮೇಲೆ ಕೂಡಿಸೋಣ. ಮೂರೂ ಹೆಸರು ಬರೆಯಿರಿ, ಊರು ಕರೆದ ಹೆಸರನ್ನೂ. ಹೆಂಡತಿಯ ಹೆಸರು ಮರೆಯಬೇಡಿರಿ.

ಊರಿನ ಹೆಸರು ತಿದ್ದಿರಿ ಎಂದು ಆಯೋಗಕ್ಕೆ ಕಾಗದ ಹಾಕಿದ್ದೇವೆ. ದಾಖಲೆ ಕಳಿಸಿರಿ ಅಂದಿದ್ದಾರೆ. ಹೊಂದಿಸುತ್ತಿದ್ದೇವೆ. ಬಿಲ್ಲೆಯನ್ನು ಇವತ್ತು ತಂದಿದ್ದೇವೆ. ಊಟ ಆದ ಮೇಲೆ ಭೂತಗನ್ನಡಿ ಸಮೇತ ಕೊಡುತ್ತೇವೆ, ನೋಡಿರಿ. ಸವೆದ ಆ ಎರಡು ಅಕ್ಷರ ಯಾರ ಕಣ್ಣಿಗಾದರೂ ಬಿದ್ದರೆ ಹೇಳಿರಿ.