ಹರಿಶ್ಚಂದ್ರ ಘಾಟಿನಲ್ಲಿ ನಿಂತು ಯೋಚಿಸಿದ್ದು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಕೆಲವು ಸಂಗಾತಿಗಳು ಕಾಶಿಗೆ ಹೋಗಿ, ಹರಿಶ್ಚಂದ್ರ ಘಾಟಿನಲ್ಲಿ ಬಹಳ ಹೊತ್ತು ನಿಂತು ಬಂದೆವು. ಕೊಟ್ಟ ಮಾತಿಗಾಗಿ ರಾಜ್ಯ ಬಿಟ್ಟು, ಕೊನೆಗೆ ಸ್ವಂತ ಮಗನ ಹೆಣಕ್ಕೂ ಸುಡುಗಾಡಿನ ಸುಂಕ ಕೇಳಿದವನ ಹೆಸರಿನ ಜಾಗವದು. ಊರಿನ ಆಟದಲ್ಲಿ ಆ ಕಥೆ ನೋಡಿ ಅತ್ತವರು ನಾವು.

ಇಂದು ಲೋಕದ ಸರಕಾರಗಳೂ ಮಾತು ಕೊಡುತ್ತಿವೆ. ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಭೂಮಿ ಕಾಯುತ್ತಿದೆ. ಅದನ್ನು ತಗ್ಗಿಸಬೇಕೆಂದು 1992ರಲ್ಲಿ ಒಪ್ಪಂದವಾಯಿತು. 1997ರ ಕ್ಯೋಟೋದಲ್ಲಿ ಶ್ರೀಮಂತ ದೇಶಗಳಿಗೆ ಲೆಕ್ಕ ಕಟ್ಟಿದರು. ಅಮೆರಿಕ ಸಹಿ ಹಾಕಿತು, ಆದರೆ ಅನುಮೋದಿಸಲಿಲ್ಲ. 2015ರ ಪ್ಯಾರಿಸಿನಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆಯಲೆಂದರು. ತಪ್ಪಿದರೆ ದಂಡವಿಲ್ಲ. ಬಡ ದೇಶಗಳಿಗೆ 2020ರೊಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವೆವೆಂದು 2009ರಲ್ಲಿ ಕೊಟ್ಟ ಮಾತು ಈಡೇರಿದ್ದು 2022ರಲ್ಲಿ. ಬೋನಸ್ಸಿನ ಮಾತು ಕೇಳಿ ಕಾದ ನಮಗೆ ಇದೇನು ಹೊಸದೇ?

ನಮ್ಮ ದೇಶವೂ ಮಾತು ಕೊಟ್ಟಿದೆ. ದೇಶದ ಉತ್ಪತ್ತಿಯ ಪ್ರತಿ ರೂಪಾಯಿಗೆ ಏಳುವ ಹೊಗೆಯನ್ನು 2005ಕ್ಕಿಂತ 2030ಕ್ಕೆ ನೂರಕ್ಕೆ 45ರಷ್ಟು ಇಳಿಸುವುದೆಂದು 2022ರಲ್ಲಿ ಬರೆದುಕೊಟ್ಟಿತು. ಇದನ್ನು ಹೋಟೆಲಿನವರು ಸುಲಭವಾಗಿ ತಿಳಿಯಬಹುದು: ಒಂದು ಇಡ್ಲಿಗೆ ಬೇಕಾದ ಸೌದೆ ಕಡಿಮೆಯಾದರೂ, ಇಡ್ಲಿಗಳು ಹೆಚ್ಚಿದರೆ ಒಟ್ಟು ಸೌದೆ ಹೆಚ್ಚಬಹುದು. ಒಟ್ಟು ಹೊಗೆ ಪೂರ್ತಿ ಸರಿತೂಗುವುದು 2070ಕ್ಕೆ ಎಂದು 2021ರಲ್ಲಿ ಗ್ಲಾಸ್ಗೋದಲ್ಲಿ ಸಾರಿತು.

ಮತ್ತೆ ಘಾಟಿಗೆ ಬರೋಣ. 1986ರಲ್ಲಿ ಆರಂಭವಾದ ಗಂಗಾ ಯೋಜನೆಯಲ್ಲಿ, ನದಿಯ ಶುದ್ಧಿಗಾಗಿ, ಅಲ್ಲಿ ವಿದ್ಯುತ್ ಚಿತಾಗಾರ ಬಂತು. ಪಕ್ಕದಲ್ಲಿ ಕಟ್ಟಿಗೆಯ ಚಿತೆಗಳೂ ಉರಿಯುತ್ತಲೇ ಇವೆ. ಆ ಬೆಂಕಿಯ ಮುಂದೆ ದುಡಿಯುವ ಡೋಮ ಬಂಧುಗಳ ಹೊಟ್ಟೆಪಾಡು ಕಟ್ಟಿಗೆಯ ಚಿತೆಯದು. ಕಟ್ಟಿಗೆ ಉಳಿದರೆ ಒಳ್ಳೆಯದೇ. ಆದರೆ ಅವರ ಕೂಲಿ ಹೋದರೆ ಕೊಡುವವರಾರು?

ನಮ್ಮ ಮುಂಬಯಿಯಲ್ಲೂ ಇದೇ ಪ್ರಶ್ನೆ. ಕಟ್ಟಿಗೆ, ಇದ್ದಿಲಿನ ಬೇಕರಿಗಳು ಆರು ತಿಂಗಳಲ್ಲಿ ಇಂಧನ ಬದಲಿಸಬೇಕೆಂದು ಹೈಕೋರ್ಟು 2025ರ ಜನವರಿಯಲ್ಲಿ ಆಜ್ಞಾಪಿಸಿತು. ಭಟ್ಟಿಯ ಹೊಗೆ ಕುಡಿದವರು ನಾವು. ಹೊಗೆ ಹೋಗಲೆಂದೇ ನಮ್ಮ ಆಸೆ. ಆದರೆ ಭಟ್ಟಿಯೊಡನೆ ಭಟ್ಟಿಯವನನ್ನೂ ಹೊರಗೆ ಹಾಕಬಾರದು. ಬದಲಾವಣೆ ದುಡಿಯುವವರಿಗೆ ನ್ಯಾಯವಾಗಿರಬೇಕೆಂಬ ಮಾತು ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೇ ಇದೆ. ಪೀಠಿಕೆಯಲ್ಲಿದ್ದರೆ ಸಾಲದು, ಪಗಾರದ ಪುಸ್ತಕಕ್ಕೆ ಬರಬೇಕು. ಹೊಸ ಒಲೆಯ ಕೆಲಸ ಕಲಿಸಿರಿ, ಕಲಿಯುವ ದಿನಗಳ ಪಗಾರ ಕೊಡಿರಿ ಎಂದು ನಾವು ಕೇಳೋಣ.

ಹರಿಶ್ಚಂದ್ರ ತಾನೇ ಮಾತು ಉಳಿಸಿಕೊಂಡ. ಸರಕಾರಗಳಿಂದ ಮಾತು ಉಳಿಸಿಸಬೇಕಾದವರು ನಾವು. ಅದಕ್ಕೇ ಸಂಘ.