ಚಾಲನೆಗೊಳ್ಳದ ಗಣಕಯಂತ್ರ



ಉಮರ್ಗಾ, ನಿಲಂಗಾ, ಉದಗೀರ ಭಾಗದ ಪೇಟೆಯಲ್ಲಿ ಮರಾಠಿ ಪ್ರಶ್ನೆಪತ್ರಿಕೆ ದೊರೆತೀತು. ಕನ್ನಡದ್ದನ್ನು ಶಿಕ್ಷಕನೇ ಮನೆಯಲ್ಲಿ ಬೆರಳಚ್ಚು ಮಾಡಬೇಕು. ಪರೀಕ್ಷೆಯ ಮುನ್ನಾದಿನ ಗಣಕಯಂತ್ರ ಚಾಲನೆಗೊಳ್ಳದಿದ್ದರೆ ಆತನು ಕಂಗೆಡುವುದು ಸಹಜ. ಆದರೆ ವಿದ್ಯುತ್ತಿನ ದೋಷ ಬೇರೆ, ಬರಹ ಅಳಿಯುವುದು ಬೇರೆ.

ಮೊದಲು ಅದೇ ಪ್ಲಗ್ಗಿಗೆ ಬೇರೆ ದೀಪವನ್ನು ಹಚ್ಚಿ ನೋಡಬೇಕು. ಬಳಿಕ ಕೇಬಲ್ಲನ್ನೂ ಪೆಟ್ಟಿಗೆಯ ಹಿಂಬದಿಯ ಸ್ವಿಚ್ಚನ್ನೂ ಪರಿಶೀಲಿಸಬೇಕು. ಅನಂತರ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಮತ್ತೆ ಜೋಡಿಸಬೇಕು. ಆಗಲೂ ಫ್ಯಾನ್ ತಿರುಗದಿದ್ದರೆ ಸಂಶಯ ಎಸ್‌ಎಂಪಿಎಸ್ ಮೇಲೆ. 230 ವೋಲ್ಟಿನ ವಿದ್ಯುತ್ತನ್ನು 12, 5, 3.3 ವೋಲ್ಟುಗಳಿಗೆ ಇಳಿಸುವುದು ಅದೇ. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ಮಾನಿಟರಿನ ಕೇಬಲ್ ನೋಡಿ, ಪ್ಲಗ್ ಕಿತ್ತ ಮೇಲೆ ರ‍್ಯಾಮ್ ಪಟ್ಟಿಯನ್ನು ತೆಗೆದು, ಅದರ ಅಂಚನ್ನು ರಬ್ಬರಿನಿಂದ ಮೃದುವಾಗಿ ಒರೆಸಿ ಕೂರಿಸಬೇಕು.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ದುರಸ್ತಿಗೆ ಒಯ್ದಾಗ, ಹಾರ್ಡ್ ಡಿಸ್ಕನ್ನು ಅಳಿಸಕೂಡದೆಂದು ಮೊದಲೇ ಹೇಳಬೇಕು. ಎಸ್‌ಎಂಪಿಎಸ್ ಬದಲಿಸಲು ಅದರ ಅಗತ್ಯವೇ ಇಲ್ಲ. ಯಂತ್ರ ಮತ್ತೆ ಚಾಲನೆಗೊಂಡ ದಿನವೇ ಪೆನ್‌ಡ್ರೈವಿನಲ್ಲಿ ಪ್ರತಿಯೊಂದನ್ನು ಇರಿಸಿಕೊಂಡ ಶಿಕ್ಷಕನ ಮಕ್ಕಳು ಕನ್ನಡದಲ್ಲೇ ಪರೀಕ್ಷೆ ಬರೆಯುವರು.